ಗರಡಿಗೆ ಬಂದ ಚೀನೀ ಜಟ್ಟಿ

೨೦೧೬, ಮೇ ೧೦, ಮಂಗಳವಾರ

ಇವತ್ತು ಆಫೀಸಿಗೆ ಚೀನಾದಿಂದ ಒಬ್ಬ ಜಟ್ಟಿ ಬಂದಿಳಿದ. ರಟ್ಟಿನ ಪೆಟ್ಟಿಗೆಯಲ್ಲಿ, ಮೈತುಂಬ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹೊದ್ದುಕೊಂಡು. ಊಟದ ತಟ್ಟೆಯಗಲದ ಹಸಿರು ಬೋರ್ಡು, ಅದರ ನಟ್ಟನಡುವೆ ಚೀನಾದವರು ತಾವೇ ರೂಪಿಸಿದ್ದೇವೆ ಎಂದು ಹೇಳಿಕೊಳ್ಳುವ ಪ್ರೊಸೆಸರ್. ಕಶ್ಯಪ್ ಪೆಟ್ಟಿಗೆ ಬಿಚ್ಚುತ್ತ, ಇದರ ಪ್ಯಾಕಿಂಗ್ ತೆಗೆಯೋದರೊಳಗೆ ವಾರಂಟಿ ಮುಗಿದಿರುತ್ತೆ ಎಂದ. ಎಲ್ಲರೂ ನಕ್ಕರು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ನಮ್ಮದು ಇಲ್ಲಿ ಅಮೆರಿಕದಲ್ಲಿ, ಕ್ಯಾನ್ಯನ್ ಪಾರ್ಕ್‌ನ ಒಂದು ಪುಟ್ಟ ಕಂಪನಿ. ಬೇರೆಯವರು ಮಾಡಿದ ಚಿಪ್‌ಗಳಲ್ಲಿ ಹುಳುಕು ಹುಡುಕುವುದೇ ಹೊಟ್ಟೆಪಾಡು. ಅದಕ್ಕೆಂದೇ ನಮ್ಮ ಯಜಮಾನರಾದ ಗೋವಿಂದರಾಜು ಬಹಳ ಹಿಂದೆ ಒಂದು ಪ್ರೋಗ್ರಾಂ ಬರೆದಿಟ್ಟಿದ್ದಾರೆ. ಮೈಸೂರಿನವರಲ್ಲವೇ, ಅದಕ್ಕೆ 'ಗರಡಿ' ಎಂದು ಹೆಸರಿಟ್ಟಿದ್ದಾರೆ. ಯಾವ ಚಿಪ್ ಬಂದರೂ ಗರಡಿಗೆ ಇಳಿಸುತ್ತೇವೆ. ಗರಡಿ ಲೆಕ್ಕದ ಮೇಲೆ ಲೆಕ್ಕ ಕೊಟ್ಟು ಅದಕ್ಕೆ ಮಣ್ಣು ಮುಕ್ಕಿಸಲು ನೋಡುತ್ತದೆ. ಉತ್ತರ ತಪ್ಪಾದರೆ ಚಿಪ್ ಬಿತ್ತು ಅನ್ನುತ್ತೇವೆ. ಬಿದ್ದ ದಿನ ಗೋವಿಂದರಾಜು ಅವರ ಹೆಂಡತಿ ಇಂದಿರಾ ಆಂಟಿ ಆಫೀಸಿಗೆ ಮೈಸೂರುಪಾಕು ಮಾಡಿ ಕಳಿಸುವುದು ಪದ್ಧತಿ. ಚಿಪ್ ಗೆದ್ದರೆ ಏನೂ ಇಲ್ಲ. ಹೀಗಾಗಿ ನಮ್ಮ ಆಫೀಸಿನಲ್ಲಿ ಎಲ್ಲರೂ ಇನ್ನೊಬ್ಬರ ಸೋಲಿಗೆ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿರುತ್ತಾರೆ.

ಬೋರ್ಡು ಕಳಿಸಿದ್ದು ಇಲ್ಲೇ ಹತ್ತಿರದ ಈಸ್ಟ್‌ಗೇಟ್‌ನ ಒಂದು ಕಂಪನಿ. ಅವರು ನೆಟ್‌ವರ್ಕ್ ಪೆಟ್ಟಿಗೆಗಳನ್ನು ಮಾಡಿ ಚೀನಾಕ್ಕೂ ಮಾರುತ್ತಾರೆ. ಹೋದ ವರ್ಷ ಅಮೆರಿಕ ಸರ್ಕಾರ ಚೀನಾದ ದೊಡ್ಡ ದೊಡ್ಡ ಕಂಪ್ಯೂಟರ್ ಕೇಂದ್ರಗಳಿಗೆ ಇಲ್ಲಿಯ ಚಿಪ್ ಹೋಗದಂತೆ ತಡೆಯಿತಲ್ಲ, ಅಂದಿನಿಂದ ಅಲ್ಲಿಯ ಗಿರಾಕಿಗಳು ಪೆಟ್ಟಿಗೆಯೊಳಗೆ ತಮ್ಮ ದೇಶದ ಚಿಪ್ಪೇ ಇರಲಿ ಎಂದು ಪಟ್ಟು ಹಿಡಿದಿದ್ದಾರಂತೆ. ಅದನ್ನು ನಂಬಬಹುದೋ ಬಾರದೋ ನಾವು ಹೇಳಬೇಕು.

ಗೋವಿಂದರಾಜು ಜುಲೈ ಕೊನೆಗೆ ನಿವೃತ್ತರಾಗುತ್ತಾರೆ. ತಂಡವನ್ನು ನನಗೆ ಒಪ್ಪಿಸುತ್ತಾರೋ ಕಶ್ಯಪ್‌ಗೋ ಇನ್ನೂ ಬಾಯಿ ಬಿಟ್ಟಿಲ್ಲ. ನನಗೆ ಅದು ಬೇಕು. ಯಾರೂ ಓದದ ಪುಸ್ತಕದಲ್ಲಿ ಬಿಗುಮಾನ ಯಾಕೆ, ಬಹಳ ಬೇಕು. ಈ ಜಟ್ಟಿಯನ್ನು ನಾನು ಕೆಡವಿದರೆ ಆ ಕುರ್ಚಿ ನನ್ನದು.

ಮೇ ೧೨, ಗುರುವಾರ

ಈಸ್ಟ್‌ಗೇಟ್‌ನಿಂದ ಲಿನ್ ಎಂಬ ಚೀನೀ ಹೆಂಗಸು ಬಂದಿದ್ದಳು. ಈ ಚಿಪ್ ಬಳಸೋಣ ಎಂದು ಅವರ ಕಂಪನಿಯಲ್ಲಿ ಹಟ ಹಿಡಿದವಳು ಇವಳೇ. ನನ್ನದೇ ವಯಸ್ಸು, ನಲವತ್ತರ ಆಚೀಚೆ. ಸ್ವಿಚ್ ಹಾಕುವ ಮುಂಚೆ ಸಣ್ಣ ಬ್ರಷ್ಷಿನಿಂದ ಬೋರ್ಡಿನ ಮೇಲಿನ ಧೂಳು ತೆಗೆದಳು. ಧೂಳೇ ಇರಲಿಲ್ಲ.

ಗರಡಿಯನ್ನು ಮೊದಲು ಯಾವ ಯಂತ್ರಕ್ಕೆಂದು ಬರೆದದ್ದು ಎಂದು ಕೇಳಿದಳು. ಎಲ್ಲ ಯಂತ್ರಕ್ಕೂ ಎಂದೆ. ಈ ಚಿಪ್‌ಗೆ ಕಾಯಬೇಕಾದ ಕಡೆ ಕಾಯಲು ಹೇಳಬೇಕಾಗುತ್ತದೆ, ಹೇಳಿದ್ದೀರಾ ಎಂದು ಕೇಳಿದಳು. ಮನೆಗೆ ಬಂದ ನೆಂಟರು ಕಾಫಿಗೆ ಸಕ್ಕರೆ ಎಷ್ಟು ಹಾಕಬೇಕೆಂದು ನಮಗೆ ಪಾಠ ಮಾಡಿದ ಹಾಗಾಯಿತು. ನಮ್ಮ ಗರಡಿ ಇಂಥವರನ್ನು ಬೇಕಾದಷ್ಟು ನೋಡಿದೆ ಎಂದು ನಕ್ಕು ಸುಮ್ಮನಾದೆ. ಬೋರ್ಡಿನ ಫ್ಯಾನು ಹಳೇ ಮಿಕ್ಸಿಯ ಹಾಗೆ ಕಿರುಚುತ್ತದೆ. ತಲೆನೋವು.

ಮೇ ೧೭, ಮಂಗಳವಾರ

ಬಿತ್ತು! ಅಂಗಾತ ಬಿತ್ತು. ಕೂಡುವ ಲೆಕ್ಕದಲ್ಲಿ ಉತ್ತರ ಇರಬೇಕಾದ ಜಾಗದಲ್ಲಿ ಸೊನ್ನೆ. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಗೋವಿಂದರಾಜು ಬಂದು ಬೆನ್ನು ತಟ್ಟಿ, "ಭೇಷ್ ಕಣಮ್ಮಾ ವಿಜಯಾ" ಎಂದರು. ಕಶ್ಯಪ್ ನಕ್ಕ, ಆದರೆ ಹುಳ್ಳಗೆ. ಜೀವನದಲ್ಲಿ ಇನ್ನೇನು ಬೇಕು.

ಮೇ ೨೫, ಬುಧವಾರ

ಒಂದು ಕಿರಿಕಿರಿ. ಚಿಪ್ ಬೀಳುವುದೇನೋ ಬೀಳುತ್ತದೆ, ಆದರೆ ಒಮ್ಮೆ ಬೀಳುತ್ತದೆ, ಒಮ್ಮೆ ಇಲ್ಲ. ಅದೇ ಲೆಕ್ಕ, ಅದೇ ಬೋರ್ಡು. ಇದು ಮೂಡ್ ಇದ್ದರೆ ಕೆಲಸ ಮಾಡುವ ಚಿಪ್ ಎಂದು ಕಶ್ಯಪ್ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಲಿನ್ ಮತ್ತೆ ಬಂದಳು. ಮಳೆ ಬಿಟ್ಟಿತ್ತೆಂದು ಊಟದ ಡಬ್ಬಿ ಹಿಡಿದು ಹೊರಗಿನ ಬೆಂಚಿನಲ್ಲಿ ಕೂತೆವು. ನಮ್ಮ ವರದಿ ಕೆಟ್ಟದಾಗಿ ಬಂದರೆ ತನ್ನ ಗುಂಪನ್ನು ಮುಚ್ಚುತ್ತಾರೆ, ತನ್ನ ಕೈಕೆಳಗಿನವರಿಗೂ ಕೆಲಸ ಹೋಗುತ್ತದೆ ಎಂದಳು. ಈ ಚಿಪ್ ಕಟ್ಟಿದವರಲ್ಲಿ ಒಬ್ಬ ಅವಳ ಕಾಲೇಜಿನ ಸಹಪಾಠಿಯಂತೆ, ಚೆನ್ ಅಂತ ಹೆಸರು. ಅವನ ಜೊತೆ ಓದಿದವರೆಲ್ಲ ಅಮೆರಿಕದ ವಿಮಾನ ಹತ್ತಿದರೂ ಅವನು ಅಲ್ಲೇ ಕೂತು ವರ್ಷಗಟ್ಟಲೆ ಇದನ್ನೇ ತಿದ್ದಿದನಂತೆ. ಗೆಳೆಯರೆಲ್ಲ ಅವನನ್ನು ಗೇಲಿ ಮಾಡುತ್ತಿದ್ದರಂತೆ. ತಾನೂ ಮಾಡುತ್ತಿದ್ದೆ ಎಂದಳು.

ಇದನ್ನೆಲ್ಲ ನನಗೆ ಯಾಕೆ ಹೇಳಬೇಕು? ವೈದ್ಯರ ಹತ್ತಿರ ಬಂದು ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಅಂತ ಬರೆದುಕೊಡಿ ಅಂದ ಹಾಗೆ. ಇಂದಿರಾ ಆಂಟಿಯ ಮೈಸೂರುಪಾಕು ಇನ್ನೂ ಡಬ್ಬಿಯಲ್ಲಿತ್ತು. ಅವಳಿಗೆ ಕೊಟ್ಟೆ. ಯಾತಕ್ಕೆ ಮಾಡಿದ್ದು ಎಂದು ಹೇಳಲಿಲ್ಲ. ಬಹಳ ಚೆನ್ನಾಗಿದೆ ಎಂದು ಎರಡು ತಿಂದಳು. ನಾನು ಅರ್ಧ ತಿಂದು ಇಟ್ಟೆ, ತುಪ್ಪ ಜಾಸ್ತಿಯಾಗಿತ್ತು.

ಜೂನ್ ೨, ಗುರುವಾರ

ನಿನ್ನೆ ಸಂಜೆ ಅಡುಗೆಮನೆ ನಾಣಿಯ ಸರದಿ. ನಾಣಿ ನನ್ನ ಗಂಡ. ಓವರ್‌ಲೇಕ್‌ನ ದೊಡ್ಡ ಕಂಪನಿಯಲ್ಲಿ ಊರಿಗೆಲ್ಲ ಮೀಟಿಂಗ್ ಕರೆಯುವ ಮನುಷ್ಯ. ಸಾರು ಬಿಸಿ ಮಾಡು, ಅನ್ನ ಬಡಿಸು, ನಮ್ಮನ್ನು ಕರೆ ಎಂದು ಹೇಳಿದ್ದೆ. ಊಟಕ್ಕೆ ಬನ್ನಿ ಎಂದು ಕೂಗಿದ. ನಾನೂ ಮಗಳು ಮೈತ್ರಿಯೂ ಬಂದು ಕೂತರೆ ತಟ್ಟೆ ಖಾಲಿ, ಸಾರು ಇನ್ನೂ ಫ್ರಿಜ್ಜಿನಲ್ಲಿ. ಮೈತ್ರಿ ನಿಜವಾಗಿಯೂ ತಟ್ಟೆಗೆ ಕೈ ಹಾಕಿದ್ದಳು. ನಾನು ಕೂಗಾಡಿದೆ. ನಾಣಿ ತಣ್ಣಗೆ, "ಮೂರು ಕೆಲಸ ಹೇಳ್ದೆ, ಮೂರೂ ಮಾಡ್ತಾ ಇದೀನಿ. ಒಂದು ಮುಗಿದ ಮೇಲೇ ಇನ್ನೊಂದು ಅಂತ ನೀನೆಲ್ಲಿ ಹೇಳ್ದೆ?" ಎಂದ.

ಬೈಯಲು ಬಾಯಿ ತೆಗೆದವಳು ಹಾಗೇ ನಿಂತೆ. ಗರಡಿ ನೆನಪಾಯಿತು.

ಗರಡಿಯಲ್ಲಿ ಒಂದು ಪಟ್ಟು ಹೀಗಿದೆ: ಚಿಪ್‌ನ ಒಂದು ಭಾಗ ಲೆಕ್ಕದ ಉತ್ತರವನ್ನು ಬರೆದಿಟ್ಟು, ಸಿದ್ಧವಾಯಿತು ಎಂದು ಬಾವುಟ ಎತ್ತಬೇಕು. ಇನ್ನೊಂದು ಭಾಗ ಬಾವುಟ ಕಂಡೊಡನೆ ಉತ್ತರ ಎತ್ತಿಕೊಳ್ಳಬೇಕು. ಈ ಚೀನೀ ಚಿಪ್ ಕೆಲವು ಸಲ ಬಾವುಟವನ್ನು ಮೊದಲು ಎತ್ತಿಬಿಡುತ್ತದೆ. ಇನ್ನೊಂದು ಭಾಗ ಬಂದು ಖಾಲಿ ತಟ್ಟೆಗೆ ಕೈ ಹಾಕುತ್ತದೆ. ಅದು ಚಿಪ್‌ನ ತಪ್ಪೇ ಅಲ್ಲ. ಬೇಗ ಕೆಲಸ ಮುಗಿಯಲಿ ಎಂದು ಅದನ್ನು ಹಾಗೆಯೇ ಕಟ್ಟಿದ್ದಾರೆ. ಕಾಯಬೇಕಾದ ಕಡೆ ಕಾಯಿ ಎಂದು ಒಂದು ಮಾತು ಹೇಳಿದರೆ ಕಾಯುತ್ತದೆ. ಲಿನ್ ಮೊದಲ ದಿನವೇ ಕೇಳಿದ್ದು ಅದನ್ನೇ. ಇಷ್ಟು ವರ್ಷ ನಮ್ಮಲ್ಲಿಗೆ ಬಂದವೆಲ್ಲ ಒಂದೇ ಮನೆತನದ ಚಿಪ್‌ಗಳು. ಹೇಳದಿದ್ದರೂ ಸಾಲಾಗಿ ಮಾಡಿಕೊಂಡು ಹೋಗುತ್ತಿದ್ದವು, ಹಾಗಾಗಿ ಹೇಳಬೇಕೆನ್ನುವುದೇ ಗೋವಿಂದರಾಜು ಅವರಿಗೆ ಹೊಳೆದಿರಲಿಲ್ಲ.

ಇವತ್ತು ಆಫೀಸಿಗೆ ಹೋಗಿ ಗರಡಿಯಲ್ಲಿ ಆ ಒಂದು ಮಾತು ಸೇರಿಸಿದೆ. ಬೆಳಗಿನಿಂದ ಸಂಜೆಯವರೆಗೆ ಓಡಿಸಿದೆ. ಜಟ್ಟಿ ಒಂದು ಸಲವೂ ಬೀಳಲಿಲ್ಲ. ಮಂಡಿಯೂರಲೂ ಇಲ್ಲ, ಹಾಳಾದ್ದು.

ಜೂನ್ ೩, ಶುಕ್ರವಾರ

ಗೋವಿಂದರಾಜು ಅವರಿಗೆ ಹೇಳಿದೆ. ಮುಖ ಕೆಂಪಾಯಿತು. ಇಷ್ಟು ವರ್ಷ ಯಾವ ಚಿಪ್ಪೂ ಗರಡಿಯ ಮೇಲೆ ದೂರು ಹೇಳಿಲ್ಲ, ಈಗ ಇದಕ್ಕೋಸ್ಕರ ಗರಡಿಯನ್ನು ಬದಲಾಯಿಸಬೇಕೋ ಎಂದರು. ಕಶ್ಯಪ್ ಪಕ್ಕದಲ್ಲೇ ಇದ್ದ. ಹುಡುಗ ಫೇಲ್ ಆದ ಅಂತ ಪ್ರಶ್ನೆಪತ್ರಿಕೆ ತಿದ್ದಿದ ಹಾಗಲ್ಲವಾ ಇದು ಎಂದ. ಆ ಮಾತು ಯಜಮಾನರಿಗೆ ಎಷ್ಟು ಹಿಡಿಸಿತೆಂದರೆ ಸಂಜೆಯೊಳಗೆ ಅದನ್ನು ತಮ್ಮದೇ ಮಾತೆಂಬಂತೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು.

ವರದಿ ಬರೆಯುವ ಕೆಲಸ ಕಶ್ಯಪ್‌ಗೆ ಹೋಯಿತು. ನಾನು 'ಸಹಾಯ' ಮಾಡಬೇಕಂತೆ.

ಜೂನ್ ೬

ಮಳೆ. ಊಟದ ಡಬ್ಬಿಯನ್ನು ಕಾರಿನಲ್ಲೇ ಕೂತು ಮುಗಿಸಿದೆ.

ಜೂನ್ ೧೧, ಶನಿವಾರ

ಗೋವಿಂದರಾಜು ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೋಗಬಾರದು ಎಂದುಕೊಂಡಿದ್ದೆ, ಇಂದಿರಾ ಆಂಟಿ ಎರಡು ಸಲ ಫೋನ್ ಮಾಡಿದರು. ಬಾಳೆಲೆ ತರಲು ನನ್ನನ್ನು ಗ್ಯಾರೇಜಿಗೆ ಕಳಿಸಿದರು. ಅಲ್ಲಿ ಬಾಳೆಲೆ ಕಟ್ಟಿನ ಹಿಂದೆ, ಹಳೇ ಬೆಡ್‌ಶೀಟ್ ಹೊದ್ದುಕೊಂಡು, ಒಂದು ದಪ್ಪ ಯಂತ್ರ ಕೂತಿತ್ತು.

ಆಂಟಿಯನ್ನು ಕೇಳಿದೆ. ಅದು ಯಜಮಾನರ ಪ್ರಾಣವಂತೆ. ಯೂನಿವರ್ಸಿಟಿ ಮುಗಿಸಿ ವಿಮಾನದ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾಗ ಅವರು ಬಳಸುತ್ತಿದ್ದ ಯಂತ್ರ. ಒಳಗೆ ಎರಡು ಪ್ರೊಸೆಸರ್, ಅಪ್ಪಟ ಅಮೆರಿಕನ್, ಆ ಕಾಲಕ್ಕೆ ಅದರಷ್ಟು ವೇಗದ್ದು ಇನ್ನೊಂದಿರಲಿಲ್ಲ. ಗರಡಿ ಬರೆಯುವ ಹೊತ್ತಿಗೆ ಅದು ಗ್ಯಾರೇಜು ಸೇರಿತ್ತು. ನಾನು ಬೆಡ್‌ಶೀಟು ಎತ್ತಿ ಮೇಲಿನ ಹೆಸರು ಓದಿದೆ. ನನಗೆ ನಗು ಬಂತು. ಆ ಚಿಪ್ ನಾನು ಓದಿ ತಿಳಿದಿದ್ದದ್ದೇ. ಹೇಳದಿದ್ದರೆ ಅದೂ ಕಾಯುವುದಿಲ್ಲ. ಬಾವುಟ ಮೊದಲು ಎತ್ತುವುದರಲ್ಲಿ ಅದು ಈ ಚೀನೀ ಜಟ್ಟಿಯ ಅಜ್ಜ.

"ಆಂಟೀ, ಇದನ್ನ ಸ್ವಲ್ಪ ದಿನ ತಗೊಂಡ್ಹೋಗ್ಲಾ?" ಎಂದೆ.

"ತಗೊಂಡ್ಹೋಗಿ ವಾಪಸ್ ತರಬೇಡ ಕಣೇ" ಎಂದರು ಆಂಟಿ.

ಗೋವಿಂದರಾಜು ಕಥೆ ಕೇಳುತ್ತ ಕಣ್ಣು ಮುಚ್ಚಿ ಕೂತಿದ್ದಾಗ ನಾಣಿ ಅದನ್ನು ಹೊತ್ತು ಕಾರಿಗೆ ಹಾಕಿದ. ರೇಷ್ಮೆ ಪಂಚೆಯಲ್ಲಿ. ಅವನ ಸೊಂಟ ಹಿಡಿದುಕೊಂಡಿದೆ. ಪ್ರಸಾದ ಎರಡು ಸಲ ಕೊಡಿಸಿದೆ.

ಜೂನ್ ೧೫, ಬುಧವಾರ

ಅಜ್ಜನಿಗೆ ಜೀವ ಬಂತು! ಊಟದ ಹೊತ್ತಿನಲ್ಲಿ, ಆಫೀಸಿನ ಸ್ಟೋರ್ ರೂಮಿನಲ್ಲಿ. ಹಳೆಯ ಗರಡಿಯನ್ನು, ನಾನು ಕೈ ಹಾಕದ್ದನ್ನು, ಅದರ ಮೇಲೆ ಓಡಿಸಿದೆ. ಕಾಫಿ ತರಲು ಹೋಗಿ ಬರುವುದರೊಳಗೆ ಬಿದ್ದಿತ್ತು. ಅದೇ ಪಟ್ಟು, ಅದೇ ಸೊನ್ನೆ. ನಾನು ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನೇರವಾಗಿ ಹೋಗಿ ಯಜಮಾನರಿಗೆ ಹೇಳಬಹುದಿತ್ತು. ಆದರೆ ಪ್ರಶ್ನೆಪತ್ರಿಕೆಯ ಮಾತು ಇನ್ನೂ ಕಿವಿಯಲ್ಲಿದೆ. ಅಜ್ಜ ಬಿದ್ದ ದಾಖಲೆಯನ್ನು 'ಎರಡನೆಯ ಯಂತ್ರ' ಎಂದು ಹೆಸರಿಟ್ಟು ಎಲ್ಲರೂ ನೋಡುವ ಕಡೆ ಹಾಕಿದೆ. ಕಶ್ಯಪ್‌ಗೆ, ಇದನ್ನು ನೋಡಿ ನಿನ್ನ ಅಭಿಪ್ರಾಯ ಬರೆ ಎಂದೆ. ಅದು ಯಾವ ಯಂತ್ರ ಎಂದು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಸುಳ್ಳು ಹೇಳಿದ ಹಾಗಾಗಲಿಲ್ಲ ತಾನೇ.

ಸಂಜೆಯೊಳಗೆ ಎರಡು ಪುಟ ಬರೆದ. ಅಬ್ಬಬ್ಬಾ, ಏನು ಭಾಷೆ! ಅರ್ಥ ತಿಳಿಯದೆ ನಕಲು ಮಾಡಿದವರ ಕೈಕೆಲಸ ಇಲ್ಲಿ ಎದ್ದು ಕಾಣುತ್ತದಂತೆ. ಇಂಥ ದೋಷವಿರುವ ಚಿಪ್ಪನ್ನು ಯಾವ ಅಮೆರಿಕನ್ ತಂಡವೂ ಬಾಗಿಲಾಚೆ ಬಿಡುವುದಿಲ್ಲವಂತೆ. ಕೆಳಗೆ ಪೂರ್ತಿ ಹೆಸರು. ಸೋಮವಾರ ಊಟದ ಹೊತ್ತಿಗೆ ಎಲ್ಲರ ಮುಂದೆ ಅಜ್ಜನನ್ನು ಸ್ಟೋರ್ ರೂಮಿನಿಂದ ಹೊರಗೆ ತಳ್ಳಿಕೊಂಡು ಬರುವುದು ಎಂದು ಲೆಕ್ಕ ಹಾಕಿದ್ದೇನೆ. ಮಲ್ಲಿಗೆ ಹಾರ ಹಾಕಲೋ, ಬರೀ ಕುಂಕುಮ ಇಡಲೋ ತೀರ್ಮಾನಿಸಿಲ್ಲ.

ಜೂನ್ ೨೦, ಸೋಮವಾರ

ಕೆಟ್ಟೆ.

ಬೆಳಿಗ್ಗೆ ಎದ್ದರೆ ಎಲ್ಲ ಕಡೆ ಒಂದೇ ಸುದ್ದಿ. ಜಗತ್ತಿನ ಅತಿ ವೇಗದ ಕಂಪ್ಯೂಟರ್ ಈಗ ಚೀನಾದ್ದು, ಒಳಗಿರುವ ಪ್ರೊಸೆಸರ್‌ಗಳೂ ಚೀನಾದವೇ. ಕೊಡಬೇಡಿ ಎಂದು ಇಲ್ಲಿ ತಡೆದರೆ ಅಲ್ಲಿ ತಾವೇ ಮಾಡಿಕೊಂಡು ಕೂತಿದ್ದಾರೆ. ಮೈತ್ರಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಿಂದ ನಾನು ಆಫೀಸಿಗೆ ಬಂದದ್ದು ಮಧ್ಯಾಹ್ನ. ಹೋದ ತಿಂಗಳು ವಾರಂಟಿಯ ಜೋಕಿಗೆ ನಕ್ಕವರೆಲ್ಲ, ನಾನು ಮೊದಲೇ ಹೇಳಿರಲಿಲ್ಲವಾ ಎಂದುಕೊಳ್ಳುತ್ತಿದ್ದರು. ಆ ಕಂಪ್ಯೂಟರಿನ ಚಿಪ್ ಬೇರೆ, ನಮ್ಮ ಮೇಜಿನ ಮೇಲಿರುವುದು ಬೇರೆ ಎಂದು ಕಶ್ಯಪ್ ಒಬ್ಬನೇ ಸರಿಯಾಗಿ ಹೇಳುತ್ತಿದ್ದ.

ಆದರೆ ಸುದ್ದಿ ನೋಡಿ ಈಸ್ಟ್‌ಗೇಟ್‌ನವರ ಮೇಲಿನವರಿಗೆ ಅವಸರವಾಗಿತ್ತು. ಚಿಪ್ ಬೇಕೋ ಬೇಡವೋ ಈ ವಾರವೇ ಹೇಳಿ ಎಂದು ಬೆಳಿಗ್ಗೆಯೇ ಫೋನ್. ಗೋವಿಂದರಾಜು ವರದಿ ಕಳಿಸಿಬಿಟ್ಟಿದ್ದರು. ಅಜ್ಜನ ದಾಖಲೆಯ ಜೊತೆ. ಕಶ್ಯಪ್‌ನ ಎರಡು ಪುಟದ ಜೊತೆ. ಅದೇ ಮುಖ್ಯ ಸಾಕ್ಷಿ: ಎರಡನೆಯ ಯಂತ್ರದಲ್ಲೂ ಅದೇ ದೋಷ ಕಂಡಿದೆ!

ಲಿನ್ ಫೋನ್ ಮಾಡಿದಳು. ಜೋರು ಮಾಡಲಿಲ್ಲ. ಎರಡನೆಯ ಯಂತ್ರ ಅಂದರೆ ಯಾವುದು, ನಾವು ಕೊಟ್ಟದ್ದು ಒಂದೇ ಬೋರ್ಡು ಅಲ್ಲವೇ ಎಂದಳು. ಕಶ್ಯಪ್ ಪಕ್ಕದ ಮೇಜಿನಲ್ಲೇ ಕೂತಿದ್ದ. ನೋಡಿ ಹೇಳುತ್ತೇನೆ ಎಂದು ಫೋನಿಟ್ಟೆ. ನೋಡುವುದೇನಿತ್ತು?

ಜೂನ್ ೨೧, ಮಂಗಳವಾರ

ಅನ್ನ ಸೇರಲಿಲ್ಲ. ನಾಣಿಗೆ ಎಲ್ಲ ಹೇಳಿದೆ. ಮೈತ್ರಿ ಕೇಳಿಸಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷದವಳು, ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

"ಸೋ ಯೂ ಫ್ರೇಮ್ಡ್ ದ ಕಂಪ್ಯೂಟರ್" ಎಂದಳು. ಪಾಪದ ಕಂಪ್ಯೂಟರಿನ ಮೇಲೆ ನಾನು ಸುಳ್ಳು ಅಪವಾದ ಹೊರಿಸಿದೆನಂತೆ.

ನಿನ್ನ ಹೋಂವರ್ಕ್ ಮಾಡಿಕೋ ಹೋಗು ಎಂದೆ. ಶಾಲೆ ಮುಗಿಯುತ್ತಾ ಬಂತು, ಹೋಂವರ್ಕ್ ಇಲ್ಲ ಎಂದಳು. ಗುರುವಾರ ಈಸ್ಟ್‌ಗೇಟ್‌ನಲ್ಲಿ ಮೀಟಿಂಗ್. ನಮ್ಮ ಮೂವರನ್ನೂ ಕರೆದಿದ್ದಾರೆ. ಸುಮ್ಮನಿದ್ದರೆ ತಂಡ ಬಹುಶಃ ನನ್ನದೇ. ನಿನ್ನೆ ಗೋವಿಂದರಾಜು ಮೆತ್ತಗೆ ಮಾತಾಡಿಸಿದರು, ಎರಡನೆಯ ಯಂತ್ರದಲ್ಲಿ ಪರೀಕ್ಷಿಸುವ ಉಪಾಯ ನಿನ್ನದೇ ಅಂತೆ, ಜಾಣೆ ಎಂದರು. ದೇವರೇ.

ಜೂನ್ ೨೩, ಗುರುವಾರ

ಇವತ್ತಿನದನ್ನು ಬರೆಯದೆ ಬಿಡುವುದಿಲ್ಲ.

ಉದ್ದನೆಯ ಮೇಜು. ಆ ತುದಿಗೆ ಅವರ ಮೇಲಧಿಕಾರಿ, ಬಿಳಿಕೂದಲಿನ ಅಮೆರಿಕನ್ ಹೆಂಗಸು. ಮೂಲೆಯಲ್ಲಿ ಲಿನ್. ಅವಳು ನನ್ನ ಕಡೆ ನೋಡಲೇ ಇಲ್ಲ. ಗೋವಿಂದರಾಜು ವರದಿ ಓದತೊಡಗಿದರು. ಎರಡನೆಯ ಯಂತ್ರ ಎನ್ನುವಲ್ಲಿಗೆ ಬಂದಾಗ ನಾನು ಎದ್ದು ನಿಂತೆ. ಕುಳಿತೇ ಹೇಳಬಹುದಿತ್ತು, ಯಾಕೆ ನಿಂತೆನೋ ಗೊತ್ತಿಲ್ಲ. ಆ ಯಂತ್ರದೊಳಗೆ ಇರುವುದು ಚೀನೀ ಚಿಪ್ ಅಲ್ಲ, ಅಮೆರಿಕದ್ದು, ಗೊತ್ತಿದ್ದೂ ಹೇಳದೆ ಇಟ್ಟವಳು ನಾನು ಎಂದೆ. ತಪ್ಪಿರುವುದು ನಮ್ಮ ಪ್ರೋಗ್ರಾಮಿನಲ್ಲಿ, ಒಂದು ಮಾತು ಸೇರಿಸಿದರೆ ನಿಮ್ಮ ಚಿಪ್ ಬೀಳುವುದಿಲ್ಲ ಎಂದೆ.

ಕಶ್ಯಪ್‌ನ ಮುಖ ನೋಡಬೇಕಿತ್ತು. ಇದೇ ಮುಖ ನೋಡಲಿಕ್ಕೆಂದು ಒಂದು ವಾರ ಕಾದಿದ್ದೆ. ನೋಡಲಾಗಲಿಲ್ಲ.

ಗೋವಿಂದರಾಜು ಅಷ್ಟು ಜನರ ಮುಂದೆ ಕನ್ನಡದಲ್ಲೇ ಕೇಳಿದರು.

"ಯಾವ ಮಿಷನ್ನಮ್ಮಾ ಅದು?"

"ನಿಮ್ದೇ ಸರ್. ಗ್ಯಾರೇಜಲ್ಲಿದ್ದಿದ್ದು. ಆಂಟಿ ಕೊಟ್ರು."

"ಅದೂ ಗರಡೀಲಿ ಬಿತ್ತಾ?"

"ಕಾಫಿ ತಂದು ಕೂರೋದ್ರೊಳಗೆ, ಸರ್."

ಅವರು ವರದಿ ಮುಚ್ಚಿ ಆ ಬಿಳಿಕೂದಲಿನ ಹೆಂಗಸಿಗೆ ಇಂಗ್ಲಿಷಿನಲ್ಲಿ, ಇದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನಿಮ್ಮ ಚಿಪ್ ಬಿದ್ದಿಲ್ಲ, ನನ್ನ ಅಖಾಡದ ನೆಲವೇ ಓರೆಯಾಗಿತ್ತು ಎಂದರು. ಆಕೆಗೆ ಅಖಾಡ ಅರ್ಥವಾಗಲಿಲ್ಲ, ಉಳಿದದ್ದು ಅರ್ಥವಾಯಿತು. ಹೊಸ ವರದಿ ಬರುವವರೆಗೆ ಲಿನ್‌ಳ ಗುಂಪನ್ನು ಮುಟ್ಟುವುದಿಲ್ಲ ಎಂದಳು.

ವಾಪಸು ಬರುವಾಗ ಕಶ್ಯಪ್ ಡ್ರೈವ್ ಮಾಡುತ್ತಿದ್ದ. ೪೦೫ ಹೆದ್ದಾರಿಯಲ್ಲಿ ಕಾರುಗಳು ಅಲ್ಲಾಡುತ್ತಿರಲಿಲ್ಲ. ಗೋವಿಂದರಾಜು ಮುಂದೆ 
ಕೂತು, ಹಿಂದೆ ತಿರುಗದೆ ಮಾತಾಡಿದರು.

"ತಂಡ ಕಶ್ಯಪ್‌ಗೆ ಕೊಡ್ತೀನಮ್ಮಾ. ಅವನು ತಪ್ಪು ಬರ್ದ, ಆದ್ರೆ ನಿಜ ಅಂದ್ಕೊಂಡಿದ್ದನ್ನ ಬರ್ದ, ಕೆಳಗೆ ಹೆಸರೂ ಹಾಕ್ದ. ನಿನಗೆ ಗೊತ್ತಿತ್ತು. ನೀನು ನಗೋದಕ್ಕೆ ಕಾಯ್ತಾ ಕೂತೆ."

ಮೂರನೇ ತಾರೀಕು ನಾನು ಹೇಳಲು ಬಂದಾಗ ಕಿವಿಗೆ ಹತ್ತಿ ಇಟ್ಟುಕೊಂಡವರು ಯಾರು ಎಂದು ಕೇಳಬೇಕೆನ್ನಿಸಿತು. ಕೇಳಿಯೇಬಿಟ್ಟೆ.

"ನಾನೇ. ಅದಕ್ಕೇ ನಾನು ಮನೆಗೆ ಹೋಗ್ತಿದೀನಲ್ಲ" ಎಂದರು.

ಇಳಿಯುವಾಗ ಕಶ್ಯಪ್ ನನ್ನ ಬ್ಯಾಗ್ ಎತ್ತಿಕೊಟ್ಟ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು. ಮನೆಗೆ ಬಂದು ಬಚ್ಚಲುಮನೆಯಲ್ಲಿ ಅತ್ತೆ. ಕುರ್ಚಿಗಾಗಿ ಅತ್ತದ್ದು ಅಂದುಕೊಂಡಿದ್ದೇನೆ.

ಜೂನ್ ೨೪, ಶುಕ್ರವಾರ

ಲಿನ್‌ಗೆ ನಾನೇ ಕಾಲ್ ಮಾಡಿದೆ. ಅವಳ ಗುಂಪು ಉಳಿಯಿತಲ್ಲ, ಇನ್ನೇನು, ಕ್ಷಮಿಸಿಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದೇ ಬೇರೆ.

ಸೋಮವಾರ ಆ ಎರಡು ಪುಟ ಓದಿ ತಾನು ನಂಬಿಬಿಟ್ಟಳಂತೆ. ಅರ್ಥ ತಿಳಿಯದೆ ನಕಲು ಮಾಡಿದವರು ಎನ್ನುವುದನ್ನು. ನಾನು ನೋಡಿ ಹೇಳುತ್ತೇನೆಂದು ಫೋನಿಟ್ಟ ಮೇಲೆ, ಚೀನಾದಲ್ಲಿರುವ ಚೆನ್‌ಗೆ ಫೋನ್ ಮಾಡಿ, ನಿನ್ನಿಂದ ನನ್ನ ಮಾನ ಹೋಯಿತು, ಇಷ್ಟು ವರ್ಷ ಕೂತು ಮಾಡಿದ್ದು ಇದೇನಾ ಎಂದು ಕೂಗಾಡಿದಳಂತೆ. ಅವತ್ತು ಅವರ ಕಡೆ ಎಲ್ಲರೂ ಆ ದೊಡ್ಡ ಕಂಪ್ಯೂಟರಿನ ಸುದ್ದಿಗೆ ಹಿಗ್ಗುತ್ತಿದ್ದರಂತೆ. ಚೆನ್ ಫೋನ್ ಇಟ್ಟನಂತೆ. ಆಮೇಲೆ ಎತ್ತುತ್ತಿಲ್ಲವಂತೆ.

ವರದಿಯನ್ನು ನೀವು ವಾಪಸು ತೆಗೆದುಕೊಂಡಿರಿ, ನಾನು ಅವನಿಗೆ ಹೇಳಿದ್ದನ್ನು ಹೇಗೆ ವಾಪಸು ತೆಗೆದುಕೊಳ್ಳಲಿ ಎಂದಳು.

ಜೂನ್ ೨೮, ಮಂಗಳವಾರ

ಲಿನ್‌ಳಿಂದ ಚೆನ್‌ನ ವಿಳಾಸ ಕೇಳಿ ಪಡೆದು ಅವನಿಗೆ ಮೇಲ್ ಬರೆದೆ. ಮೊದಲು ಬಹಳ ಜಾಣತನದಿಂದ ಬರೆದಿದ್ದೆ, ಓದಿದರೆ ತಪ್ಪು ಗರಡಿಯದ್ದೋ ಗ್ಯಾರೇಜಿನದ್ದೋ ಎಂದು ಯಾರಿಗೂ ತಿಳಿಯದ ಹಾಗೆ. ಅಳಿಸಿದೆ. ನಿಮ್ಮ ಚಿಪ್ ಸರಿಯಾಗಿತ್ತು, ನಾನು ತಮಾಷೆ ಮಾಡಲು ಹೋಗಿ ನಿಮ್ಮ ಗೆಳತಿಗೆ ಸುಳ್ಳು ನಂಬಿಸಿದೆ, ಅವಳ ಮಾತು ಅವಳದ್ದಲ್ಲ, ನನ್ನದು ಎಂದಷ್ಟೇ ಬರೆದೆ. ಗೋವಿಂದರಾಜು ಅವರ ಒಪ್ಪಿಗೆ ಕೇಳಿ ಇನ್ನೊಂದು ಸಾಲು ಸೇರಿಸಿದೆ: ಇಷ್ಟವಿದ್ದರೆ ನೀವಿಬ್ಬರೂ ಸೇರಿ ನಮ್ಮ ಗರಡಿಯನ್ನು ಕೆಡವಬಹುದು, ಬಾಗಿಲು ತೆರೆದಿದೆ.

ಉತ್ತರ ಬಂದಿಲ್ಲ.

ಜುಲೈ ೧, ಶುಕ್ರವಾರ

ಬಂದಿಲ್ಲ. ಹೊಸ ವರದಿ ಕಳಿಸಿದೆವು, ಈ ಸಲ ಕೆಳಗೆ ನನ್ನ ಹೆಸರು. ಕಶ್ಯಪ್ ಓದಿ, ಒಂದು ಕಡೆ ಅಲ್ಪವಿರಾಮ ತಿದ್ದಿ, ಸರಿ ಎಂದ.

ಜುಲೈ ೮, ಶುಕ್ರವಾರ

ಮಧ್ಯಾಹ್ನ ಮೂರರ ಮೇಲೆ ಲಿನ್ ಹೇಳದೆ ಕೇಳದೆ ನಮ್ಮ ಆಫೀಸಿಗೆ ಬಂದಳು. ನಮಸ್ಕಾರವಿಲ್ಲ, ನಗುವಿಲ್ಲ. ನನ್ನ ಕುರ್ಚಿಯಲ್ಲಿ ಕೂತು, ಗರಡಿ ತೆಗೆ ಎಂದಳು. ತೆಗೆದೆ. ಆಮೇಲೆ ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಮುಖ ಮೂಡಿತು. ಕನ್ನಡಕ, ಕೆದರಿದ ಕೂದಲು, ಆಗಷ್ಟೇ ಎದ್ದವನ ಹಾಗೆ. ಅವರ ಕಡೆ ಬೆಳಗಿನ ಹೊತ್ತು. ಚೆನ್.

ನನಗೆ ಒಂದು ಸಲ ತಲೆ ಬಾಗಿಸಿದ, ಅಷ್ಟೇ. ಆಮೇಲೆ ಇಬ್ಬರೂ ಗರಡಿಯ ಒಳಗೆ ನುಗ್ಗಿದರು. ಕಾಯಲು ಹೇಳದೆ ಬಿಟ್ಟ ಇನ್ನೊಂದು ಜಾಗ ಸಿಕ್ಕಿತು. ಲಿನ್ ಚಪ್ಪಾಳೆ ತಟ್ಟಿದಳು. ಮತ್ತೊಂದು ಸಿಕ್ಕಿತು, ಚೆನ್ ಏನೋ ಹೇಳಿದ, ಇಬ್ಬರೂ ಮೇಜು ಗುದ್ದಿ ನಕ್ಕರು. ಏನು ಎಂದು ಕೇಳಿದೆ. ಇದನ್ನು ಬರೆದವರು ಅರ್ಥ ತಿಳಿಯದೆ ನಕಲು ಮಾಡಿದ್ದಾರೆ ಎಂದನಂತೆ. ಗೋವಿಂದರಾಜು ನಿವೃತ್ತಿಗೆ ಮೂರು ವಾರ ಇರುವಾಗ ಅದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಹೌದೌದು ಎಂದು ತಲೆಯಾಡಿಸಿ ಹೋದರು.

ಎರಡು ಗಂಟೆ ಹೊತ್ತು ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಅವರು ಕೆಡವಿದ್ದನ್ನೆಲ್ಲ ಎತ್ತಿ ನಿಲ್ಲಿಸುತ್ತ ಹೋದೆ. ಇಷ್ಟು ಕೊಂಕು ಹುಡುಕುವ ಹೆಂಗಸನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಇನ್ನೊಬ್ಬರ ತಪ್ಪು ಸಿಕ್ಕಿತೆಂದು ಕುರ್ಚಿಯಿಂದ ಎದ್ದು ಕುಣಿಯುವವರೂ ಇರುತ್ತಾರಾ? ಸ್ವಲ್ಪವಾದರೂ ಸಂಕೋಚ ಬೇಡವಾ?

ಮುಂದಿನ ಶುಕ್ರವಾರವೂ ಬರಲಿದ್ದಾರೆ. ನಾನೇ ಕರೆದೆ.